ಹೆಬ್ಬೆರಳಿಗೆ ಜಿಗಣೆ

ನಮ್ಮ ಯಜಮಾನರ ಬಲಗೈ ಹೆಬ್ಬೆರಳು ತುಂಡಾಗಿ ಮೇಜಿನ ಆಚೆ ಬಿದ್ದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಬಟ್ಟೆಗೆ ತಾಗಿತಾ?" ಎಂಬುದು. ಅಂಗಡಿಯಲ್ಲಿದ್ದ ನಮ್ಮೆಲ್ಲರ ಮೊದಲ ಕೆಲಸವೂ ಅದೇ ಆಯಿತು. ಅತ್ತೆ ಬಿಳಿ ಬಟ್ಟೆಯ ಅಟ್ಟಿಯನ್ನು ಆ ತುದಿಯಿಂದ ಎಳೆದರು, ಮೈದುನ ಈ ತುದಿಯಿಂದ ಎತ್ತಿದ, ನಾನು ಹೊಲಿಗೆ ಮೆಷಿನ್ ಬಿಟ್ಟು ಓಡಿ ಬಂದು ನಡುವೆ ಹಿಡಿದೆ. ಒಂದು ಶಾಲೆಯ ಮಕ್ಕಳ ಅಂಗಿಗಳಿಗೆಂದು ಬಂದ ಬಟ್ಟೆ ಅದು. ಹನಿ ರಕ್ತವೂ ಸೋಕದ ಹಾಗೆ ಅದನ್ನು ಕಪಾಟಿಗೆ ಸೇರಿಸಿದ ಮೇಲೆಯೇ, ಇಲ್ಲೊಬ್ಬ ಮನುಷ್ಯ ಹೆಬ್ಬೆರಳಿಲ್ಲದೆ ನಿಂತಿದ್ದಾನೆ ಎಂಬ ಸಣ್ಣ ವಿಷಯ ನಮ್ಮ ಗಮನಕ್ಕೆ ಬಂತು.

ಇವರು ಕಟಿಂಗ್ ಮಾಸ್ಟರ್. ಬಟ್ಟೆಯ ಅಟ್ಟಿಯನ್ನು ಒಟ್ಟಿಗೇ ಕತ್ತರಿಸುವ ಕರೆಂಟಿನ ಮೆಷಿನ್ನಿಗೆ ನೂಲು ಸಿಕ್ಕಿಕೊಂಡಿತ್ತು. ಸ್ವಿಚ್ ಆರಿಸದೆ ಕೈ ಹಾಕಬೇಡಿ ಎಂದು ದಿನಬೆಳಗಾದರೆ ಊರಿಗೆಲ್ಲ ಪಾಠ ಹೇಳುವ ಮನುಷ್ಯ, ಸ್ವಿಚ್ ಆರಿಸದೆ ಕೈ ಹಾಕಿದರು. ನಾನು ಬೆರಳನ್ನು ಎತ್ತಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಪಕ್ಕದ ಜ್ಯೂಸ್ ಅಂಗಡಿಯ ಐಸಿನ ಮೇಲಿಟ್ಟುಕೊಂಡು ಆಟೋ ಹತ್ತಿದೆ. ಆಸ್ಪತ್ರೆಯಲ್ಲಿ ಎಲ್ಲರೂ ನನ್ನ ಜಾಣತನವನ್ನು ಹೊಗಳಿದರು. ಅತ್ತೆ ಮಾತ್ರ, "ಹೊಸ ಬಟ್ಟೆ ಯಾಕೆ ಹರಿದೆ, ಚಿಂದಿ ಇರ್ಲಿಲ್ವಾ?" ಎಂದರು.

ಅವರನ್ನು ಬೈದು ಪ್ರಯೋಜನವಿಲ್ಲ. ಆ ಅಂಗಡಿಯನ್ನು ಕಟ್ಟಿದವರೇ ಅವರು. ಗಿರಾಕಿಯ ಬಟ್ಟೆಯ ಮೇಲೆ ರಕ್ತದ ಚುಕ್ಕೆ ಬೀಳುವುದು ಅವರ ಪ್ರಕಾರ ಲೋಕದ ಅತಿ ದೊಡ್ಡ ಅಪರಾಧ. ಕೊಲೆ, ದರೋಡೆ ಆಮೇಲಿನವು. ಸೂಜಿ ಚುಚ್ಚಿತೋ, ನೋವು ಅನ್ನುವ ಮುಂಚೆಯೇ ಇನ್ನೊಂದು ಕೈ ಜೇಬಿನಿಂದ ಚಿಂದಿ ತೆಗೆದು ಬೆರಳನ್ನು ಅದುಮಿ ಹಿಡಿದಿರಬೇಕು. ಗಂಡುಮಕ್ಕಳಿಬ್ಬರಿಗೂ ಅಳತೆಪಟ್ಟಿಯಿಂದ ಗೆಣ್ಣಿಗೆ ಹೊಡೆದು ಈ ವಿದ್ಯೆ ಕಲಿಸಿದ್ದರು. ಮದುವೆಯಾಗಿ ಬಂದ ನನಗೆ ಹೊಡೆಯಲಿಲ್ಲ, ಬರೀ ನೋಡಿದರು, ಅಷ್ಟಕ್ಕೇ ಕಲಿತೆ. ನಮ್ಮ ಮನೆಯಲ್ಲಿ ಯಾರ ಜೇಬು ತಡಕಿದರೂ ಚಿಲ್ಲರೆ ಸಿಗದೆ ಹೋಗಬಹುದು, ಚಿಂದಿ ಸಿಕ್ಕೇ ಸಿಗುತ್ತದೆ.

ಆಸ್ಪತ್ರೆ ದೊಡ್ಡದು. ಮಹಡಿ ಬಂದಾಗಲೆಲ್ಲ ಮಹಡಿ ಬಂತು ಎಂದು ತಾನೇ ಹೇಳುವ ಲಿಫ್ಟು, ಮುಖ ಕಾಣುವಂಥ ನೆಲ, ಹತ್ತಿರ ಹೋದರೆ ತಾನಾಗಿ ತೆರೆಯುವ, ನಾವು ಹತ್ತಿರ ಹೋದಾಗ ಮಾತ್ರ ತೆರೆಯದ ಬಾಗಿಲು. ಡಾಕ್ಟರು ಚಿಕ್ಕ ಪ್ರಾಯದವರು, ಯಾವ ಮಾತಿಗೂ 'ಸೂಕ್ಷ್ಮ' ಸೇರಿಸುವವರು. ಸೂಕ್ಷ್ಮ ಶಸ್ತ್ರಚಿಕಿತ್ಸೆ, ಸೂಕ್ಷ್ಮ ನರ, ಸೂಕ್ಷ್ಮ ಪರಿಸ್ಥಿತಿ. ನಾವು ಅವರಿಗೆ ಸೂಕ್ಷ್ಮ ಡಾಕ್ಟರು ಎಂದೇ ಹೆಸರಿಟ್ಟೆವು. ಇಡೀ ದಿನ ಬಾಗಿಲು ಹಾಕಿಕೊಂಡು ಅವರು ಬೆರಳನ್ನು ಹೊಲಿದರು. ಸಂಜೆ ನೋಡಿದರೆ ಹೊಲಿಗೆ ನಿಜಕ್ಕೂ ಚೆನ್ನಾಗಿತ್ತು. ಅತ್ತೆ ಕನ್ನಡಕ ಏರಿಸಿ, ಬಗ್ಗಿ, ಸುತ್ತ ನೋಡಿ, "ಪರ್ವಾಗಿಲ್ಲ, ಕೈ ಕೂತಿದೆ" ಎಂದರು. ನನ್ನ ಹೊಲಿಗೆಗೆ ಇವತ್ತಿನ ತನಕ ಅವರು ಇಷ್ಟು ಹೇಳಿಲ್ಲ.

ಮರುದಿನ ಬೆರಳು ನೇರಳೆ ಬಣ್ಣಕ್ಕೆ ತಿರುಗಿ ಊದಿಕೊಂಡಿತು.

"ರಕ್ತ ಒಳಗೆ ಹೋಗ್ತಿದೆ, ವಾಪಸ್ ಬರೋಕೆ ದಾರಿ ಸಾಲ್ತಿಲ್ಲ" ಎಂದರು ಸೂಕ್ಷ್ಮ ಡಾಕ್ಟರು. "ಹೊರಗೆ ಒಯ್ಯೋ ನಾಳಗಳು ತುಂಬಾ ಸೂಕ್ಷ್ಮ. ಅವು ಹೊಸದಾಗಿ ಬೆಳೆಯೋ ತನಕ ನಿಂತ ರಕ್ತಾನ ನಾವೇ ತೆಗೀತಾ ಇರ್ಬೇಕು. ಇಲ್ದಿದ್ರೆ ಬೆರಳು ಸತ್ತುಹೋಗುತ್ತೆ."

"ಅದಕ್ಕೇನು ಮೆಷಿನ್ ಇದ್ಯಾ ಡಾಕ್ಟ್ರೇ?" ಎಂದು ಮೈದುನ ಕೇಳಿದ. ಅಂಗಡಿಯಲ್ಲಿ ಗುಂಡಿ ಹಾಕುವುದು, ಇಸ್ತ್ರಿ ಮಾಡುವುದು ಅವನ ಕೆಲಸ. ಆದರೆ ಅವನು ಹೆಚ್ಚಾಗಿ ಮಾಡುವುದು ಸಲಹೆ ಕೊಡುವುದನ್ನು. ಬೀದಿಯವರು ಅವನನ್ನು ಸಲಹೆಗಾರ ಎಂದೇ ಕರೆಯುತ್ತಾರೆ.

"ಮೆಷಿನ್ ಅಲ್ಲ. ಜಿಗಣೆ."

ಮಾತಾಡುವ ಲಿಫ್ಟು, ಕನ್ನಡಿಯಂಥ ನೆಲ, ಗಾಜಿನ ಗೋಡೆ, ಇದೆಲ್ಲ ದಾಟಿ ಒಳಗೆ ಬಂದರೆ ಕೊನೆಗೆ ಒಂದು ಹುಳ! ಅತ್ತೆ ನನ್ನ ಕಿವಿಯಲ್ಲಿ, "ಇದಕ್ಕೆ ಅಷ್ಟು ವರ್ಷ ಓದ್ಬೇಕಿತ್ತಾ?" ಎಂದರು. ಆಸ್ಪತ್ರೆಯವರ ಪಿಸುಮಾತು ನಮಗೆ ಕೇಳಿಸುವುದಿಲ್ಲ, ಅತ್ತೆಯ ಪಿಸುಮಾತು ಕೆಳಗಿನ ಮಹಡಿಗೂ ಕೇಳಿಸುತ್ತದೆ. ಡಾಕ್ಟರ ಕಿವಿ ಕೆಂಪಾಯಿತು. ಜಿಗಣೆ ಹಾಕಲು ಒಪ್ಪಿಗೆ ಎಂದು ಒಂದು ಕಾಗದಕ್ಕೆ ನನ್ನ ಸಹಿ ತೆಗೆದುಕೊಂಡರು. ಜಿಗಣೆಯ ಸಹಿ ಎಲ್ಲಿ ಎಂದು ಅತ್ತೆ ಕೇಳಿದರು.

ಸಿಸ್ಟರ್ ಫ್ರಿಜ್ಜಿನಿಂದ ಗಾಜಿನ ಜಾಡಿ ತಂದರು. ಒಳಗೆ ಕಪ್ಪು ಹಸಿರಿನ ಪ್ರಾಣಿಗಳು ಬಾಡಿಗೆ ಕಟ್ಟಿ ಕೂತವರ ಹಾಗೆ ಆರಾಮವಾಗಿದ್ದವು. ಬೆರಳಿನ ಸುತ್ತ ಬ್ಯಾಂಡೇಜ್ ಬಟ್ಟೆ ಸುತ್ತಿ, ತುದಿಯಲ್ಲಿ ಮಾತ್ರ ಜಾಗ ಬಿಟ್ಟು, ಒಂದು ಜಿಗಣೆಯನ್ನು ಚಿಮಟದಲ್ಲಿ ಎತ್ತಿ ಅಲ್ಲಿಟ್ಟರು. ಓಡುವ ಬ್ಲೇಡಿಗೆ ಹೆದರದ ನಮ್ಮ ಮಾಸ್ಟರು ಕಣ್ಣು ಮುಚ್ಚಿಕೊಂಡರು. ಅದು ಒಂದು ಕ್ಷಣ ತಲೆ ಅಲ್ಲಾಡಿಸಿತು, ಆಮೇಲೆ ಗಪ್ಪನೆ ಕಚ್ಚಿ ಕೂತಿತು.

ಸೂಕ್ಷ್ಮ ಡಾಕ್ಟರಿಗೆ ಹುರುಪು ಬಂತು. "ಇದರ ಜೊಲ್ಲು ಇದ್ಯಲ್ಲ, ಅದೇ ಒಂದು ಔಷಧಿ ಅಂಗಡಿ. ಕಚ್ಚಿದ್ದು ಅಷ್ಟಾಗಿ ಗೊತ್ತಾಗಲ್ಲ. ರಕ್ತನಾಳ ಅಗಲ ಆಗುತ್ತೆ. ರಕ್ತ ಹೆಪ್ಪುಗಟ್ಟಲ್ಲ. ಇದು ಕುಡಿಯೋದು ಸ್ವಲ್ಪಾನೇ. ಹೊಟ್ಟೆ ತುಂಬಿ ತಾನಾಗೇ ಬಿದ್ದುಹೋದ್ಮೇಲೆ, ಕಚ್ಚಿದ ಜಾಗದಿಂದ ಗಂಟೆಗಟ್ಟಲೆ ರಕ್ತ ಜಿನುಗ್ತಾ ಇರುತ್ತೆ. ಆ ಜಿನುಗೋದೇ ನಿಜವಾದ ಚಿಕಿತ್ಸೆ. ಅದನ್ನ ತಡೀಬೇಡಿ, ಜಿನುಗ್ಲಿ."

ನಾವೆಲ್ಲ ತಲೆ ಆಡಿಸಿದೆವು. ಇವರೂ ಆಡಿಸಿದರು. ಡಾಕ್ಟರ ಮುಂದೆ ತಲೆ ಆಡಿಸುವುದರಲ್ಲಿ ನಮ್ಮ ಮನೆಯವರನ್ನು ಮೀರಿಸುವವರಿಲ್ಲ.

ಜಿಗಣೆ ನಿಯತ್ತಿನ ಪ್ರಾಣಿ ಎಂದು ನನಗೆ ಅವತ್ತು ಅನ್ನಿಸಿತು. ಹೊಟ್ಟೆ ತುಂಬುತ್ತಲೂ ಕೈ ಬಿಟ್ಟು ಉರುಳಿತು. ನಮ್ಮ ನೆಂಟರಲ್ಲಿ ಕೆಲವರಿಗೆ ಈ ಗುಣವೊಂದು ಇದ್ದಿದ್ದರೆ ನಾನು ಇನ್ನೂ ಸ್ವಲ್ಪ ಮೈ ಕೈ ತುಂಬಿಕೊಂಡು ಇರುತ್ತಿದ್ದೆ. ಸಿಸ್ಟರ್ ಅದನ್ನು ಎತ್ತಿ ಸ್ಪಿರಿಟ್ಟಿನಲ್ಲಿ ಹಾಕಿ ಸಾಯಿಸಿದರು. ಒಬ್ಬರಿಗೆ ಕಚ್ಚಿದ್ದನ್ನು ಮತ್ತೆ ಬಳಸುವ ಹಾಗಿಲ್ಲವಂತೆ. ಉಪಕಾರ ಮಾಡಿದವರಿಗೆ ಇಷ್ಟು ಬೇಗ ಬಹುಮಾನ ಸಿಗುವುದನ್ನು ನಾನು ನೋಡಿರಲಿಲ್ಲ. ಆದರೆ ಬೆರಳು ನೇರಳೆ ಹೋಗಿ ಕೆಂಪಾಗಿತ್ತು. ಅತ್ತೆ ಜಾಡಿಯ ಕಡೆ ತಿರುಗಿ, ಉಳಿದವುಗಳನ್ನು ಗೌರವದಿಂದ ನೋಡಿದರು.

ಸಂಜೆಯ ಹೊತ್ತಿಗೆ ಬೆರಳು ಮತ್ತೆ ನೇರಳೆ.

ಮತ್ತೊಂದು ಜಿಗಣೆ, ಮತ್ತೆ ಕೆಂಪು, ಮತ್ತೆ ನೇರಳೆ. ಹೀಗೇ ದಿನ ಉರುಳಿತು. ಗಂಟೆಗಟ್ಟಲೆ ಜಿನುಗಬೇಕಾದ ಗಾಯ ಸ್ವಲ್ಪ ಹೊತ್ತಿಗೇ ಒಣಗಿ ಕೂರುತ್ತಿತ್ತು. ಸಿಸ್ಟರ್ ಬಂದು ಹೆಪ್ಪು ಕೆರೆದು ಹೋದರೆ, ಅವರು ಆ ಕಡೆ ಹೋಗುವಷ್ಟರಲ್ಲಿ ಮತ್ತೆ ಹೆಪ್ಪು. ಆಸ್ಪತ್ರೆಯಲ್ಲಿ ವಿಚಾರಣೆ ಶುರುವಾಯಿತು. ಸೂಕ್ಷ್ಮ ಡಾಕ್ಟರಿಗೆ ಜಿಗಣೆಗಳ ಮೇಲೆ ಅನುಮಾನ, ಹಳೇ ಸ್ಟಾಕು ಎಂದರು. ಜಿಗಣೆ ಸಪ್ಲೈ ಮಾಡುವವನು ಫೋನಿನಲ್ಲಿ ತಪ್ಪನ್ನು ಜಾಡಿಯ ನೀರಿನ ಮೇಲೆ ಹಾಕಿದ. ನೀರು ನೋಡಿಕೊಳ್ಳುವವರು ಫ್ರಿಜ್ಜಿನ ಮೇಲೆ ಹಾಕಿದರು. ಮೈದುನ, ಜಿಗಣೆಗಳಿಗೆ ಅಣ್ಣನ ರಕ್ತದ ರುಚಿ ಹಿಡಿಸಿಲ್ಲ ಎಂದ. ಅತ್ತೆ, ಹಾಸಿಗೆ ಪಕ್ಕ ನಾನು ಮುಖ ಗಂಟು ಹಾಕಿಕೊಂಡು ಕೂರುವುದರಿಂದ ಗಾಯ ಒಣಗುತ್ತಿದೆ ಎಂದರು. ನನ್ನ ಮುಖಕ್ಕೆ ಅಷ್ಟು ಶಕ್ತಿ ಇದ್ದಿದ್ದರೆ ಮೊದಲು ಯಾರ ಬಾಯಿ ಒಣಗಬೇಕಿತ್ತು ಎಂದು ನಾನು ಹೇಳಲಿಲ್ಲ. ಹೀಗೆ ಎಲ್ಲರೂ ಎಲ್ಲರ ಮೇಲೂ ಅನುಮಾನಪಟ್ಟೆವು. ಹಾಸಿಗೆಯಲ್ಲಿ ಮಲಗಿದ್ದವರ ಮೇಲೆ ಒಬ್ಬರಿಗೂ ಅನುಮಾನ ಬರಲಿಲ್ಲ.

ಕೊನೆಗೊಂದು ಬೆಳಿಗ್ಗೆ ಡಾಕ್ಟರು ನನ್ನನ್ನು ಹೊರಗೆ ಕರೆದರು. ಅವತ್ತು ಅವರು ಯಾವುದಕ್ಕೂ ಸೂಕ್ಷ್ಮ ಸೇರಿಸಲಿಲ್ಲ, ಸಂಗತಿ ಕೆಟ್ಟಿದೆ ಎಂದು ಅದರಿಂದಲೇ ನನಗೆ ತಿಳಿಯಿತು.

"ನಾಳೆ ಬೆಳಿಗ್ಗೆ ನೋಡ್ತೀನಮ್ಮ. ಹೀಗೇ ಇದ್ರೆ ಬೆರಳು ತೆಗೀಬೇಕಾಗುತ್ತೆ. ಬಿಟ್ರೆ ಕೊಳೆಯುತ್ತೆ, ಕೈಗೇ ಅಪಾಯ."

ಒಳಗೆ ಬಂದೆ. ಇವರು ನನ್ನ ಮುಖ ನೋಡಿದರು. "ಕತ್ತರಿ ನೀನು ಹಿಡ್ಕೋ. ಅವನ ಕೈಗೆ ಕೊಡ್ಬೇಡ" ಎಂದರು.

ಸಲಹೆಗಾರ ಆಗಲೇ ಕಟಿಂಗ್ ಮೇಜಿಗೆ ನಿಂತಾಗಿತ್ತು. ನಿಂತ ಮೊದಲ ದಿನವೇ ಒಂದು ಅಂಗಿಗೆ ಎರಡೂ ತೋಳು ಎಡಗೈಯದೇ ಕತ್ತರಿಸಿದ್ದ. ಅದನ್ನು ಹೇಳಿ ನಗಿಸೋಣ ಎಂದುಕೊಂಡೆ, ಬಾಯಿ ಬರಲಿಲ್ಲ. ಇವರು ಮಾತು ಕಮ್ಮಿಯ ಮನುಷ್ಯ. ನಮ್ಮ ಮದುವೆಯಾದ ಹೊಸದರಲ್ಲಿ ಇವರಿಗೆ ನಾನಂದರೆ ಇಷ್ಟವೋ ಇಲ್ಲವೋ ಎಂದೇ ನನಗೆ ತಿಳಿದಿರಲಿಲ್ಲ. ಆಮೇಲೊಂದು ದಿನ ಅಳತೆ ತೆಗೆಯದೆ, ಏನೂ ಹೇಳದೆ, ನನಗೊಂದು ರವಿಕೆ ಕತ್ತರಿಸಿಟ್ಟರು. ಹೊಲಿದು ಹಾಕಿಕೊಂಡರೆ ಮೈಗೆ ಅಂಟಿದ ಹಾಗೆ ಕೂತಿತು. ಇವರು ಹೇಳುವುದನ್ನೆಲ್ಲ ಕೈಯಲ್ಲೇ ಹೇಳುವುದು. ಹೆಬ್ಬೆರಳಿಲ್ಲದೆಯೂ ಊಟ ಮಾಡಬಹುದು, ಬದುಕಬಹುದು, ಅದು ನನಗೂ ಗೊತ್ತು. ಆದರೆ ಕತ್ತರಿ ಹಿಡಿಯ ಕಣ್ಣಿಗೆ ತೂರಿಸಲು ಬೆರಳಿಲ್ಲದೆ ಈ ಮನುಷ್ಯ ನನ್ನ ಜೊತೆ ಏನು ಮಾತಾಡುತ್ತಾರೆ ಎಂದು ನೆನೆದೆ. ಅಳು ಬಂತು. ಅಳುವುದನ್ನು ನೋಡಿದರೆ ಇವರಿಗೂ ಅಳು ಬರುತ್ತದೆ ಎಂದು, ಒಗೆಯುವ ನೆಪದಲ್ಲಿ ಇವರ ಮಾಸಿದ ಪೈಜಾಮ ಎತ್ತಿಕೊಂಡು ಬಚ್ಚಲಿಗೆ ಹೋದೆ.

ನೆನೆಸುವ ಮುಂಚೆ ಅಭ್ಯಾಸದಂತೆ ಜೇಬು ತಡಕಿದೆ. ಚಿಂದಿ ಇತ್ತು. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಆದರೆ ಅದು ಮುದ್ದೆ ಮುದ್ದೆಯಾಗಿ, ಕಂದು ಬಣ್ಣಕ್ಕೆ ತಿರುಗಿ, ಗಟ್ಟಿಯಾಗಿತ್ತು. ಒಂದಲ್ಲ, ಜೇಬಿನ ತುಂಬ.

ನಾನು ಅಳುವುದನ್ನು ಅಲ್ಲಿಗೇ ನಿಲ್ಲಿಸಿ ಮುಖ ತೊಳೆದುಕೊಂಡು ಬಂದು, ಕುರ್ಚಿಯಲ್ಲಿ ಕಣ್ಣು ಮುಚ್ಚಿ ನಿದ್ದೆ ಬಂದವಳ ಹಾಗೆ ಕೂತೆ. ಸಿಸ್ಟರ್ ಜಿಗಣೆ ಹಾಕಿದರು. ಅದು ಕುಡಿದು ಉರುಳಿತು. ಸಿಸ್ಟರ್ ಅದನ್ನು ಒಯ್ದರು. ಬೆರಳಿನ ತುದಿಯಲ್ಲಿ ಹನಿ ಮೂಡಿತು, ದಪ್ಪವಾಯಿತು, ಇನ್ನೇನು ಬಿಳಿ ಬೆಡ್‌ಶೀಟಿನ ಮೇಲೆ ಬೀಳಬೇಕು. ಇವರು ಚಾವಣಿ ನೋಡುತ್ತ ಮಲಗಿದ್ದರು. ಎಡಗೈ ಮಾತ್ರ, ತನಗೂ ಆ ಮನುಷ್ಯನಿಗೂ ಸಂಬಂಧವೇ ಇಲ್ಲದ ಹಾಗೆ, ಜೇಬಿಗೆ ಇಳಿಯಿತು, ಚಿಂದಿ ತೆಗೆಯಿತು, ಬಂದು ಹೆಬ್ಬೆರಳನ್ನು ಅದುಮಿ ಹಿಡಿಯಿತು.

"ರೀ!"

ನನ್ನ ಕೂಗಿಗೆ ಪಕ್ಕದ ಹಾಸಿಗೆಯವರು ಎದ್ದು ಕೂತರು.

"ಏನ್ರೀ ಮಾಡ್ತಿದ್ದೀರಾ? ಜಿಗಣೆ ಕಷ್ಟಪಟ್ಟು ತೂತು ಮಾಡಿ ಹೋದ್ರೆ ನೀವು ಮುಚ್ತಾ ಇದ್ದೀರಾ?"

"ನಾನಾ?" ಎಂದು ಇವರು ತಮ್ಮ ಎಡಗೈಯನ್ನು ನೋಡಿಕೊಂಡರು. ಬೇರೆ ಯಾರದೋ ಕೈ ಹಾಸಿಗೆಗೆ ಬಂದು ಸೇರಿದೆ ಎಂಬಂಥ ಆಶ್ಚರ್ಯ ಮುಖದಲ್ಲಿ. ಸುಳ್ಳಲ್ಲ, ನಿಜವಾಗಿಯೂ ಗೊತ್ತಿರಲಿಲ್ಲ. ಡಾಕ್ಟರ ಮಾತು ಕೇಳಿ ಒಪ್ಪಿದ್ದು ತಲೆ. ಕೈಯನ್ನು ಯಾರೂ ಕೇಳಿರಲಿಲ್ಲ.

ಸಿಸ್ಟರಿಗೆ ಹೇಳಿದೆ. ಅವರು ಹಣೆ ಚಚ್ಚಿಕೊಂಡು ಡಾಕ್ಟರಿಗೆ ಫೋನ್ ಮಾಡಿದರು, ಅವತ್ತೇ ಬಂದ ಹೊಸ ಸ್ಟಾಕಿನಿಂದ ಮತ್ತೊಂದು ಜಿಗಣೆ ತಂದರು. ಈ ಸಲ ನಾನು ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕೂತೆ. ಚಿಂದಿಗಳನ್ನೆಲ್ಲ ಕಸದ ಡಬ್ಬಿಗೆ ಹಾಕಿದೆ. ಹನಿ ಮೂಡಿತು. ಇವರ ಹಣೆಯಲ್ಲಿ ಬೆವರು ಮೂಡಿತು. ಮೆಲ್ಲಗೆ ಬೆರಳನ್ನೇ ಒಯ್ದು ತಮ್ಮ ಸೊಂಟಕ್ಕೆ ಒತ್ತಿಕೊಂಡರು. ಬಿಡಿಸಿದೆ. ಮಂಡಿ ಎತ್ತಿ ಅದಕ್ಕೆ ಒತ್ತಿಕೊಂಡರು. ಬಿಡಿಸಿದೆ. ಮುದಿ ವಯಸ್ಸಿಗೆ ಹತ್ತಿರ ಬಂದ ಗಂಡ ಹೆಂಡತಿ ಹಗಲು ಹೊತ್ತಿನಲ್ಲಿ ಆಸ್ಪತ್ರೆ ಮಂಚದ ಮೇಲೆ ಕುಸ್ತಿ ಮಾಡುವುದನ್ನು ವಾರ್ಡಿನವರೆಲ್ಲ ಉಚಿತವಾಗಿ ನೋಡಿದರು.

"ಬೆಡ್‌ಶೀಟ್ ಕೆಟ್ಟೋಗುತ್ತೆ ಕಣೇ" ಎಂದರು ಇವರು, ಉಸಿರು ಬಿಗಿಹಿಡಿದು.

"ಆಸ್ಪತ್ರೆದು ರೀ ಅದು! ಅವರೇ ಒಗ್ಕೋತಾರೆ!"

"ಯಾರದಾದ್ರೇನು. ಬಟ್ಟೆ ಅಲ್ವಾ."

"ನಾಳೆ ಬೆರಳು ತೆಗೀತಾರಂತೆ. ಗೊತ್ತಾ ನಿಮಗೆ?"

"ಗೊತ್ತು" ಎಂದರು. ಕಣ್ಣಲ್ಲಿ ನೀರಿತ್ತು. "ನಾನು ಬಿಡ್ಬೇಕು ಅಂತಾನೇ ಇದ್ದೀನಿ. ಅದು ಬಿಡ್ತಿಲ್ಲ."

ಇಷ್ಟು ಹೊತ್ತಿಗೆ ಫ್ಲಾಸ್ಕ್ ಹಿಡಿದುಕೊಂಡು ಅತ್ತೆ ಬಂದರು. ಬಾಗಿಲಲ್ಲೇ ನಿಂತು ನಮ್ಮ ಅವಸ್ಥೆ ನೋಡಿದರು. ನಾನು ಒಂದೇ ಉಸಿರಿಗೆ ಎಲ್ಲ ಒದರಿದೆ: ಜೇಬು, ಚಿಂದಿ, ಕೈ. "ಅಳತೆಪಟ್ಟಿಯಲ್ಲಿ ಹೊಡೆದು ಕಲಿಸಿದ್ರಲ್ಲಾ ಅತ್ತೆ, ಚೆನ್ನಾಗಿ ಕಲಿತಿದ್ದಾರೆ, ನೋಡಿ!" ಎಂದೂ ಸೇರಿಸಿದೆ. ಅಷ್ಟು ವರ್ಷದಲ್ಲಿ ಅವರ ಎದುರು ಹಾಗೆ ದನಿ ಎತ್ತಿದ್ದು ಅದೇ ಮೊದಲು. ಈಗ ನನಗೆ ಇದೆ ಎಂದುಕೊಂಡೆ.

ಅತ್ತೆ ಫ್ಲಾಸ್ಕನ್ನು ಕಿಟಕಿಯ ಮೇಲಿಟ್ಟರು. ಮಂಚದ ಹತ್ತಿರ ಬಂದು, ಸೆರಗಿಗೆ ಸಿಕ್ಕಿಸಿಕೊಂಡಿದ್ದ ಗುಂಡುಸೂಜಿ ತೆಗೆದು, ತಮ್ಮ ತೋರುಬೆರಳಿಗೆ ಚುಚ್ಚಿಕೊಂಡರು. ಗಟ್ಟಿಯಾಗಿ ಹಿಂಡಿದರು. ರಕ್ತ ಬಂತು. ಆ ಬೆರಳನ್ನು ಬಿಳಿ ಬೆಡ್‌ಶೀಟಿನ ಮೇಲೆ, ಸರಿಯಾಗಿ ಮಗನ ಕಣ್ಣಿಗೆ ಕಾಣುವ ಕಡೆ, ಈ ಅಂಚಿನಿಂದ ಆ ಅಂಚಿನ ತನಕ ಎಳೆದರು.

"ತಗೋ, ಕೆಟ್ಟೋಯ್ತು" ಎಂದರು. "ಇನ್ನೇನು ಕಾಯ್ತೀಯಾ? ನಾನೇ ಕೆಡಿಸಿದ್ದೀನಿ. ಬಿಡು ಮಗಾ, ಸುರೀಲಿ."

ಇವರು ತಾಯಿಯನ್ನೇ ನೋಡಿದರು. ನನಗೇ ಗೊತ್ತಿಲ್ಲದೆ ನನ್ನ ಕೈ ಸೊಂಟದಿಂದ ಚಿಂದಿ ತೆಗೆದು ಅತ್ತೆಯ ಬೆರಳನ್ನು ಅದುಮಿ ಹಿಡಿದಿತ್ತು. ಅತ್ತೆ ಪಟ್ಟನೆ ನನ್ನ ಕೈ ಮೇಲೆ ಹೊಡೆದರು. "ಬಿಡೇ. ನೀನೊಬ್ಬಳು."

ನನ್ನ ಹಿಡಿತದಿಂದ ತಪ್ಪಿದ ಇವರ ಎಡಗೈ ಹಾಸಿಗೆಯ ಮೇಲೆ ಸುಮ್ಮನೆ ಬಿದ್ದಿತ್ತು. ಬಲಗೈ ಹೆಬ್ಬೆರಳ ತುದಿಯಿಂದ ಹನಿ ಬೆಡ್‌ಶೀಟಿನ ಮೇಲೆ ಬಿತ್ತು. ಅದರ ಹಿಂದೆ ಇನ್ನೊಂದು. ಇವರು ತುಟಿ ಕಚ್ಚಿಕೊಂಡು ನೋಡಿದರು, ಕೈ ಏಳಲಿಲ್ಲ. ಅತ್ತೆ ಎಡಗೈ ಕಡೆ ಕೂತರು, ನಾನು ಬಲಗೈ ಕಡೆ ಕೂತೆ. ಮಧ್ಯಾಹ್ನವೆಲ್ಲ ಜಿನುಗಿತು. ಸಿಸ್ಟರ್ ಬಂದು ಬೆಡ್‌ಶೀಟ್ ನೋಡಿ, "ಒಂದು ಬೆರಳಿಗೆ ಇಷ್ಟು ಅಗಲಕ್ಕೆ ಹೇಗ್ರೀ ಬಳ್ಕೊಂಡ್ರಿ?" ಎಂದು ರೇಗಿದರು, ಬದಲಾಯಿಸಲು ಹೊಸದು ತಂದರು. ಅತ್ತೆ ಬೇಡವೇ ಬೇಡ ಎಂದರು. ಬಿಳಿದು ಹಾಸಿದರೆ ಇವನು ಮತ್ತೆ ಶುರು ಮಾಡುತ್ತಾನೆ, ನಮಗೆ ಈ ಕೊಳಕೇ ಇರಲಿ ಎಂದು ಹಟ ಹಿಡಿದರು. ಶುಚಿತ್ವದ ಮೇಲೆ ಭಾಷಣ ಕೊಡಲು ಬಂದ ಸೂಪರ್‌ವೈಸರಮ್ಮ ಅತ್ತೆಯ ಮುಖ ನೋಡಿ, ಭಾಷಣವನ್ನು ಬೇರೆ ವಾರ್ಡಿಗೆ ತೆಗೆದುಕೊಂಡು ಹೋದರು.

ಬೆಳಿಗ್ಗೆ ಸೂಕ್ಷ್ಮ ಡಾಕ್ಟರು ಬಂದಾಗ ಬೆರಳು ಗುಲಾಬಿ ಬಣ್ಣಕ್ಕಿತ್ತು. ಅವರು ಒತ್ತಿ ನೋಡಿದರು, ಬಿಟ್ಟು ನೋಡಿದರು, ಮೊಬೈಲಿನಲ್ಲಿ ಫೋಟೋ ತೆಗೆದರು.

"ನಾನು ಹೇಳ್ಲಿಲ್ವಾ? ಹೊಸ ಸ್ಟಾಕ್ ತರಿಸಿದ್ದಕ್ಕೆ ನೋಡಿ ಎಷ್ಟು ವ್ಯತ್ಯಾಸ!"

ಸಿಸ್ಟರ್ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. "ಹೌದು ಡಾಕ್ಟ್ರೇ, ಈ ಸಲದ ಜಿಗಣೆ ಒಳ್ಳೆ ಮನೆತನದ್ದು" ಎಂದರು ಅತ್ತೆ. ಡಾಕ್ಟರು ಅದನ್ನೂ ಹೊಗಳಿಕೆ ಎಂದೇ ಸ್ವೀಕರಿಸಿದರು. ಹಾಗೆಂದು ಅವರನ್ನು ಹೀಗಳೆಯುವುದು ಸರಿಯಲ್ಲ. ಬೆರಳನ್ನು ಹೊಲಿದವರು ಅವರೇ, ಜಿನುಗಲಿ ಎಂದು ಮೊದಲ ದಿನವೇ ಹೇಳಿದವರೂ ಅವರೇ. ಮತ್ತೆ ಕೆಲವು ದಿನ ಜಿಗಣೆಗಳು ಬಂದು ಉಂಡು ಹೋದವು. ಆಮೇಲೆ ರಕ್ತ ತಾನೇ ದಾರಿ ಮಾಡಿಕೊಂಡಿತು, ನಾವು ಮನೆಗೆ ಬಂದೆವು.

ಈಗ ಇವರು ಮತ್ತೆ ಕಟಿಂಗ್ ಮೇಜಿಗೆ ನಿಂತಿದ್ದಾರೆ. ಸಲಹೆಗಾರ ಇಸ್ತ್ರಿಗೆ ಮರಳಿದ್ದಾನೆ, ಅಲ್ಲಿಂದಲೇ ಸಲಹೆ ಕೊಡುತ್ತಾನೆ. ಹೆಬ್ಬೆರಳು ಸ್ವಲ್ಪ ಸೊಟ್ಟ, ಚಳಿಗೆ ಬಿಳಿಚಿಕೊಳ್ಳುತ್ತದೆ, ಆದರೆ ಕತ್ತರಿಯ ಕಣ್ಣಿನಲ್ಲಿ ಸರಿಯಾಗಿ ಕೂರುತ್ತದೆ. ತುದಿಗೆ ಮಾತ್ರ ಸ್ಪರ್ಶ ಬಂದಿಲ್ಲ. ಇನ್ನು ಬರುವುದೂ ಅನುಮಾನವಂತೆ. ಬಟ್ಟೆಗೆ ಗುಂಡುಸೂಜಿ ಸಿಕ್ಕಿಸುವಾಗ ಒಮ್ಮೊಮ್ಮೆ ಅದಕ್ಕೆ ಚುಚ್ಚುತ್ತದೆ, ಇವರಿಗೆ ತಿಳಿಯುವುದಿಲ್ಲ. ತಿಳಿಯದ ನೋವಿಗೆ ಎಡಗೈ ಓಡಿ ಬರುವುದಿಲ್ಲ. ಗಿರಾಕಿಯ ಬಟ್ಟೆಯ ಮೇಲೆ ಕೆಂಪು ಚುಕ್ಕೆ ಬೀಳುತ್ತದೆ.

ಮೊದಲ ಸಲ ಅದು ಕಂಡದ್ದು ಅತ್ತೆಗೆ. ಬಿಳಿ ಅಂಗಿಯ ತುಂಡನ್ನು ಕೈಯಲ್ಲಿ ಹಿಡಿದು ನಿಂತರು. ಇವರು ಆಚೆ ತಿರುಗಿ ಗೆರೆ ಎಳೆಯುತ್ತಿದ್ದರು. ಅತ್ತೆ ನನ್ನ ಕಡೆ ನೋಡಿದರು. ನಾನು ಎದ್ದು ಹೋಗಿ ಆ ತುಂಡನ್ನು ತೆಗೆದುಕೊಂಡು, "ನನ್ನ ಬೆರಳಿಗೇ ಸೂಜಿ ಚುಚ್ಚಿತು ಅತ್ತೆ, ನೋಡ್ಕೊಳ್ಲಿಲ್ಲ" ಎಂದೆ.

"ಇಷ್ಟು ವರ್ಷ ಆಯ್ತು, ಇನ್ನೂ ಸೂಜಿ ಹಿಡಿಯೋಕೆ ಬರಲ್ಲ ನಿನಗೆ!" ಎಂದು ಅತ್ತೆ ಬೀದಿಗೆ ಕೇಳುವ ಹಾಗೆ ಕೂಗಿದರು. "ಯಾವ ಗಳಿಗೇಲಿ ಈ ಮನೆಗೆ ಬಂದ್ಯೋ!"

ಆಮೇಲೆ ಇಬ್ಬರೂ ಬಚ್ಚಲಿಗೆ ಹೋಗಿ, ತಣ್ಣೀರಲ್ಲಿ ಸೋಪು ಹಾಕಿ ಆ ಚುಕ್ಕೆಯನ್ನು ತೆಗೆದೆವು. ಅಂದಿನಿಂದ ಇದೇ ನಡೆದಿದೆ. ವಾರಕ್ಕೊಂದು ಸಲವಾದರೂ ನಾನು ತಪ್ಪು ಮಾಡುತ್ತೇನೆ, ಅತ್ತೆ ಬೈಯುತ್ತಾರೆ. ಆ ಬೈಗುಳದಲ್ಲಿ ನಾಟಕ ಎಷ್ಟು, ನಿಜ ಎಷ್ಟು ಎಂದು ನಾನು ಕೇಳಿಲ್ಲ. ಕೇಳಿದರೆ ನಿಜ ಹೇಳಿಬಿಡುತ್ತಾರೆ. ಇವರು ತಲೆ ಎತ್ತಿ, "ಬಿಡಮ್ಮ, ಪಾಪ, ಅವಳೂ ಮನುಷ್ಯಳೇ ಅಲ್ವಾ" ಎಂದು ನನ್ನ ಪರ ಮಾತಾಡಿ, ಮತ್ತೆ ಕತ್ತರಿ ಎತ್ತಿಕೊಳ್ಳುತ್ತಾರೆ.